ಚೌಕದ ನಡುವನ್ನು ಖಾಲಿ ಬಿಡಿ, ಅಂಚಿಗೆ ಕಟ್ಟೆ ಕೊಡಿ

ಪ್ರಶ್ನೆ: ಮಂಗಳೂರಿನ ಹಳೆಯ ಪೇಟೆಯ ಒಂದು ಚೌಕದಲ್ಲಿ ನಮ್ಮದು ಮೂವತ್ತು ವರ್ಷಗಳ ಪುಸ್ತಕ ಮತ್ತು ಸ್ಟೇಷನರಿ ಅಂಗಡಿ. ಎದುರಿನ ಜಾಗವನ್ನು ಹೊಸದಾಗಿ ರೂಪಿಸುವ ಯೋಜನೆ ಬಂದಿದೆ. ನಮಗೆ ತೋರಿಸಿದ ಚಿತ್ರದಲ್ಲಿ ಹೊಳೆಯುವ ಗ್ರಾನೈಟ್ ನೆಲ, ಸ್ಟೀಲ್ ಬೆಂಚುಗಳು, ದೊಡ್ಡ ಹೂಕುಂಡಗಳು, ನಡುವೆ ಕಾರಂಜಿ, ಒಂದು ಬದಿಯಲ್ಲಿ ಕಾಯಂ ವೇದಿಕೆ ಇವೆ. ಎಲ್ಲ ಬಗೆಯ ಉಪಯೋಗಕ್ಕೂ ಒದಗುವ ಜಾಗವಾಗುತ್ತದೆ ಎನ್ನುತ್ತಾರೆ. ಈಗ ಅಲ್ಲಿ ಕಾರು, ಸ್ಕೂಟರ್ ನಿಲ್ಲುತ್ತವೆ. ಮೂಲೆಯ ಅಶ್ವತ್ಥಕಟ್ಟೆಯ ಹತ್ತಿರ ಮೀನು ಮತ್ತು ಮಲ್ಲಿಗೆ ಮಾರುವ ಹೆಂಗಸರು, ಒಂದು ಚರುಮುರಿ ಗಾಡಿ ಇವೆ. ವರ್ಷಕ್ಕೆ ಕೆಲವು ಸಲ ಮೊಸರು ಕುಡಿಕೆ, ಗಣೇಶೋತ್ಸವ, ಯಕ್ಷಗಾನ ನಡೆಯುತ್ತವೆ. ಪಾರ್ಕಿಂಗ್ ಹೋದರೆ ವ್ಯಾಪಾರವೂ ಹೋಗುತ್ತದೆ, ಬೆಂಚು ಹಾಕಿದರೆ ಕುಡುಕರು ಬಂದು ಮಲಗುತ್ತಾರೆ, ನಮ್ಮ ಮಳೆಗೆ ಈ ಚಂದವೆಲ್ಲ ಒಂದೇ ವರ್ಷ ಎಂಬುದು ನಮ್ಮವರ ಭಯ. ಕಟ್ಟೆಯನ್ನೂ ತೆಗೆಯುತ್ತಾರೆಂಬ ಸುದ್ದಿಯಿದೆ. ಮುಂದಿನ ತಿಂಗಳು ಅಂಗಡಿಯವರ ಸಭೆ ಕರೆದಿದ್ದಾರೆ. ನಾವು ವಿರೋಧಿಸಬೇಕೇ, ಒಪ್ಪಬೇಕೇ? ಒಪ್ಪುವುದಾದರೆ ಏನನ್ನು ಕೇಳಿ ಪಡೆಯಬೇಕು?

ಉತ್ತರ: ನೀವು ಬೆಂಚು ಮತ್ತು ನೆಲಹಾಸಿನ ಬಗ್ಗೆ ಕೇಳಿದ್ದೀರಿ. ಆದರೆ ದಿನವೂ ಅಲ್ಲಿ ಬಾಳುವ ನಿಮ್ಮನ್ನು ಕೇಳದೆ ಉದ್ಘಾಟನೆಯ ದಿನಕ್ಕೆ ಒಪ್ಪುವಂತೆ ಜಾಗವನ್ನು ಕಟ್ಟಿ, ಆಮೇಲೆ ಪಾಚಿಯ ಜೊತೆ, ಮುರಿದ ಬೆಂಚಿನ ಜೊತೆ ನಿಮ್ಮನ್ನು ಬಿಟ್ಟುಹೋಗುತ್ತಾರೇನೋ ಎಂಬ ಕಳವಳ ಪತ್ರದುದ್ದಕ್ಕೂ ಇದೆ. ಕರಾವಳಿಯಲ್ಲಿ ಇಪ್ಪತ್ತೈದು ವರ್ಷ ನಗರ ವಿನ್ಯಾಸದ ಕೆಲಸ ಮಾಡಿದ ನನಗೆ ಆ ಕಳವಳಕ್ಕೆ ಆಧಾರವಿದೆ ಎಂದೇ ಅನಿಸುತ್ತದೆ. ಆದರೆ ನೀವು ಬರೆದ ಭಯಗಳೆಲ್ಲ ಒಂದೇ ತೂಕದವಲ್ಲ. ಮಳೆಯ ಭಯ ಪೂರ್ತಿ ನಿಜ. ಪಾರ್ಕಿಂಗ್ ಭಯ ಅರ್ಧ ನಿಜ. ಬೆಂಚು ಕುಡುಕರನ್ನು ಕರೆತರುತ್ತದೆ ಎಂಬುದು ಕಾರಣವನ್ನು ಬೇರೆಲ್ಲೋ ಹುಡುಕಬೇಕಾದ ಮಾತು.

ಪಾರ್ಕಿಂಗ್ ವಿಷಯವನ್ನು ಮೊದಲು ನೋಡೋಣ. ಒಂದು ಕಾರು ನಿಲ್ಲಲು ಸುಮಾರು 12 ಚದರ ಮೀಟರ್ ಜಾಗ ಬೇಕು. ಆ ಕಾರು ಇಪ್ಪತ್ತು ನಿಮಿಷದಲ್ಲಿ ಹೊರಟು ಇನ್ನೊಂದಕ್ಕೆ ಎಡೆಮಾಡಿಕೊಟ್ಟರೆ ಆ ಜಾಗ ನಿಮ್ಮ ವ್ಯಾಪಾರಕ್ಕೆ ದುಡಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬಂದು ರಾತ್ರಿ ಎಂಟಕ್ಕೆ ಹೊರಟರೆ ದುಡಿಯುವುದಿಲ್ಲ. ನಾನು ಕೆಲಸ ಮಾಡಿದ ಪೇಟೆಗಳಲ್ಲಿ ಲೆಕ್ಕ ತೆಗೆದಾಗಲೆಲ್ಲ ದಿನವಿಡೀ ನಿಂತ ವಾಹನಗಳಲ್ಲಿ ಬಹಳಷ್ಟು ಅಂಗಡಿಯವರದ್ದೂ ಅಲ್ಲಿನ ಕೆಲಸದವರದ್ದೂ ಆಗಿದ್ದವು. ನಿಮ್ಮ ಚೌಕವೂ ಹೀಗೆಯೇ ಎಂದು ನಾನು ಹೇಳಲಾರೆ, ಹೇಳಬೇಕಾಗಿಯೂ ಇಲ್ಲ. ಒಂದು ಬುಧವಾರ ಮತ್ತು ಒಂದು ಶನಿವಾರ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಅರ್ಧ ಗಂಟೆಗೊಮ್ಮೆ, ನಿಂತಿರುವ ವಾಹನಗಳ ನಂಬರಿನ ಕೊನೆಯ ನಾಲ್ಕು ಅಂಕಿಗಳನ್ನು ಒಬ್ಬ ಹುಡುಗನಿಂದ ಬರೆಸಿ. ಯಾವ ಗಾಡಿ ಎಷ್ಟು ಹೊತ್ತು ನಿಂತಿತೆಂಬುದು ಎರಡೇ ದಿನದಲ್ಲಿ ನಿಮ್ಮ ಮೇಜಿನ ಮೇಲಿರುತ್ತದೆ. ಸಭೆಯಲ್ಲಿ ಆ ಹಾಳೆಯಷ್ಟು ಗಟ್ಟಿಯಾಗಿ ಮಾತನಾಡುವುದು ಬೇರೊಂದಿಲ್ಲ.

ಆದರೂ ಈ ಭಯದಲ್ಲಿ ನಿಜವಾದ ಭಾಗವೊಂದಿದೆ. ಸಿಮೆಂಟ್, ಹಾರ್ಡ್‌ವೇರ್, ಅಕ್ಕಿ ಮೂಟೆ, ಗ್ಯಾಸ್ ಒಲೆ ಮಾರುವವರಿಗೆ ವಾಹನ ಬಾಗಿಲಿಗೇ ಬರಬೇಕು. ಅಂಥವರಿಗಾಗಿ ಬೆಳಿಗ್ಗೆ ಇಂತಿಷ್ಟು ಗಂಟೆಯವರೆಗೆ ಸರಕು ಇಳಿಸಲು ದಾರಿ ತೆರೆದಿರಬೇಕೆಂದು ನಕ್ಷೆಯಲ್ಲಿಯೇ ಬರೆಸಿಕೊಳ್ಳಿ, ಬಾಯಿಮಾತಿಗೆ ಬಿಡಬೇಡಿ. ವ್ಯಾಪಾರಕ್ಕೆ ಬೀಳುವ ದೊಡ್ಡ ಹೊಡೆತ ಪಾರ್ಕಿಂಗ್ ಹೋದಾಗ ಬೀಳುವುದಕ್ಕಿಂತ ಹೆಚ್ಚಾಗಿ ಅಗೆತದ ತಿಂಗಳುಗಳಲ್ಲಿ ಬೀಳುತ್ತದೆ. ಇಡೀ ಚೌಕವನ್ನು ಒಮ್ಮೆಲೇ ಅಗೆದು, ಮೇ ಕೊನೆಯ ವಾರದ ಮಳೆಗೆ ಕೆಲಸ ನಿಂತು, ಸೆಪ್ಟೆಂಬರ್‌ವರೆಗೆ ಕೆಸರಿನಲ್ಲಿ ಹಲಗೆ ಹಾಸಿಕೊಂಡು ಅಂಗಡಿ ತೆರೆದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಇಬ್ಬರು ಆ ವರ್ಷವೇ ಬಾಗಿಲು ಮುಚ್ಚಿದರು. ಅರ್ಧ ಚೌಕ ಮುಗಿಯದೆ ಉಳಿದರ್ಧಕ್ಕೆ ಹಾರೆ ಹಾಕಬಾರದು ಮತ್ತು ಕೆಲಸ ಅಕ್ಟೋಬರ್‌ನಲ್ಲಿ ಶುರುವಾಗಬೇಕು ಎಂಬುದು ನಿಮ್ಮ ಮೊದಲ ಷರತ್ತಾಗಿರಲಿ.

ಕುಡುಕರ ಮಾತಿಗೆ ಬರುತ್ತೇನೆ. ರಾತ್ರಿ ಯಾರೂ ಇಲ್ಲದ, ಬೆಳಕು ಕಡಿಮೆಯಿರುವ, ಬೀದಿಯಿಂದ ಕಾಣದಂತೆ ಗಿಡದ ತೊಟ್ಟಿಗಳ ಹಿಂದೆ ಮರೆಯಾಗಿರುವ ಬೆಂಚಿನಲ್ಲಿ ಕುಡಿದವರು ಮಲಗುತ್ತಾರೆ. ಅದೇ ಬೆಂಚು ಚರುಮುರಿ ಗಾಡಿಯ ಎದುರಿಗಿದ್ದರೆ ರಾತ್ರಿ ಒಂಬತ್ತರವರೆಗೆ ಅಲ್ಲಿ ಮಲಗಲು ಎಡೆಯೇ ಸಿಗುವುದಿಲ್ಲ. ನ್ಯೂಯಾರ್ಕ್‌ನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರ ಚಲನವಲನವನ್ನು ವರ್ಷಗಟ್ಟಲೆ ಗಮನಿಸಿದ ವಿಲಿಯಂ ಎಚ್. ವೈಟ್ ಅವರು ಕಂಡುಕೊಂಡದ್ದು ಇದನ್ನೇ: ಕೆಟ್ಟವರು ಬರದಂತೆ ಮಾಡುವ ಉಪಾಯವೆಂದರೆ ಉಳಿದ ಎಲ್ಲರೂ ಬರುವಂತೆ ಮಾಡುವುದು. ಬೆಂಚಿನ ಮೇಲೆ ಕಬ್ಬಿಣದ ಮೊಳೆ, ಅಡ್ಡಪಟ್ಟಿ ಜಡಿಯುವ ಸಲಹೆ ನಿಮ್ಮ ಸಭೆಯಲ್ಲಿ ಖಂಡಿತ ಬರುತ್ತದೆ, ದಯವಿಟ್ಟು ಒಪ್ಪಬೇಡಿ. ಅದರಿಂದ ಮೊದಲು ದೂರವಾಗುವವರು ಔಷಧಿ ಅಂಗಡಿಗೆ ಬಂದು ಮೊಣಕಾಲು ಹಿಡಿದು ಕೂರುವ ಅಜ್ಜಿಯರು. ಬದಲಿಗೆ ಕೈ ಊರಿ ಏಳಲು ತೋಳುಗಳಿರುವ ಆಸನ ಕೇಳಿ. ಅದು ಹಿರಿಯರಿಗೆ ಆಧಾರ, ಉದ್ದಕ್ಕೆ ಮಲಗುವವರಿಗೂ ತಾನಾಗಿಯೇ ತಡೆ.

ಈಗ ಮುಖ್ಯ ವಿಷಯ. ಎಲ್ಲ ಉಪಯೋಗಕ್ಕೂ ಒದಗುವ ಜಾಗವೆಂದರೆ ಮಡಚುವ ಕುರ್ಚಿ, ಉರುಳುವ ಹೂಕುಂಡ, ಬಣ್ಣದ ದೀಪ ಎಂಬ ತಪ್ಪು ತಿಳಿವಳಿಕೆ ನಮ್ಮ ವೃತ್ತಿಯವರಲ್ಲೂ ಇದೆ. ಉಡುಪಿಯ ರಥಬೀದಿಯನ್ನು ನೋಡಿ. ಸಾಧಾರಣ ದಿನದಲ್ಲಿ ಅದು ಮಠಗಳ ನಡುವಿನ ಓಡಾಟದ ಜಾಗ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಗೆ ಅಲ್ಲೇ ಗುರ್ಜಿಗಳೆಂಬ ಮರದ ಚೌಕಟ್ಟುಗಳು ಏಳುತ್ತವೆ, ಅವುಗಳಲ್ಲಿ ಮೊಸರಿನ ಕುಡಿಕೆಗಳು ತೂಗುತ್ತವೆ, ಹುಲಿವೇಷಗಳಿಗೆ ಕುಣಿಯಲು ಎಡೆಯಾಗುತ್ತದೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನಲ್ಲಿ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ಮೆರವಣಿಗೆ ಜೋಡುಕಟ್ಟೆಯಿಂದ ಹೊರಟು ಅಲ್ಲಿಗೇ ಬಂದು ಸೇರುತ್ತದೆ. ಅಷ್ಟೆಲ್ಲ ಸಾಧ್ಯವಾಗುವುದು ನಡುವಿನ ನೆಲ ಬರಿದಾಗಿರುವುದರಿಂದ. ರಥ ತಿರುಗಬೇಕಾದ ಬೀದಿಯ ನಡುವೆ ಯಾರೂ ಕಾರಂಜಿ ಕಟ್ಟುವುದಿಲ್ಲ. ನಿಮ್ಮ ಚೌಕದಲ್ಲಿ ರಥವಿಲ್ಲದಿರಬಹುದು, ಆದರೆ ಮೊಸರು ಕುಡಿಕೆಯ ಗುಂಪು, ಗಣಪತಿಯ ಮೆರವಣಿಗೆ, ಅಗ್ನಿಶಾಮಕ ವಾಹನ ಇವೆಲ್ಲ ಕೇಳುವುದು ಅದೇ ಬರಿಯ ನೆಲವನ್ನು. ಅಗ್ನಿಶಾಮಕ ವಾಹನಕ್ಕಾಗಿ 6 ಮೀಟರ್ ಅಗಲದ, ತಿರುವಿಲ್ಲದ ದಾರಿಯನ್ನು ಯಾವ ಹಬ್ಬದಲ್ಲೂ ಮುಚ್ಚದಂತೆ ನಾನು ನಕ್ಷೆಯಲ್ಲಿ ಕಾದಿರಿಸುತ್ತೇನೆ.

ಹಾಗೆಂದು ಬರಿಯ ನೆಲ ಬಿಟ್ಟರೆ ಸಾಲದು. ಅದರ ಕೆಳಗೆ ಕೆಲಸ ಆಗಿರಬೇಕು. ನಮ್ಮಲ್ಲಿ ಚಪ್ಪರ ಹಾಕುವವರು ಹೇಗೆ ಕೆಲಸ ಮಾಡುತ್ತಾರೆಂಬುದನ್ನು ಒಮ್ಮೆ ನಿಂತು ನೋಡಿ. ಹಬ್ಬದ ಮುನ್ನಾ ದಿನ ಸಂಜೆ ಲಾರಿಯಲ್ಲಿ ಅಡಿಕೆ ಮರದ ಕಂಬಗಳು ಬಂದು ಇಳಿಯುತ್ತವೆ. ಒಬ್ಬ ಹಾರೆಯಿಂದ ಇಂಟರ್‌ಲಾಕ್ ಕಲ್ಲುಗಳನ್ನು ಎಬ್ಬಿಸಿ ಬದಿಗಿಡುತ್ತಾನೆ, ಇನ್ನೊಬ್ಬ ಗುಂಡಿ ತೋಡುತ್ತಾನೆ, ಕಂಬ ನಿಲ್ಲುತ್ತದೆ. ಮೂರು ದಿನದ ಮೇಲೆ ಕಂಬ ಕಿತ್ತಾಗ ಕಲ್ಲುಗಳು ಸಡಿಲವಾಗಿ ಗುಂಡಿಗೆ ಸೇರುತ್ತವೆ. ಮುಂದಿನ ಮಳೆಗೆ ನೀರು ಅಲ್ಲಿಂದಲೇ ಮರಳನ್ನು ಕೊರೆಯಲು ತೊಡಗುತ್ತದೆ, ಎರಡು ವರ್ಷದಲ್ಲಿ ನೆಲ ಅಲೆಅಲೆಯಾಗಿ ಕುಸಿದಿರುತ್ತದೆ. ತಪ್ಪು ಚಪ್ಪರದವರದ್ದಲ್ಲ, ಕಂಬ ಎಲ್ಲಿ ನಿಲ್ಲಬೇಕೆಂದು ಯಾರೂ ಯೋಚಿಸಿರಲಿಲ್ಲ. ಮೂರು ಮೂರು ಮೀಟರ್‌ಗೊಂದರಂತೆ, ಮುಚ್ಚಳವಿರುವ ಕಬ್ಬಿಣದ ಕೊಳವೆಗಳನ್ನು ನೆಲದೊಳಗೆ ಹೂತಿಟ್ಟರೆ ಕಂಬ ಹತ್ತು ನಿಮಿಷದಲ್ಲಿ ನಿಲ್ಲುತ್ತದೆ. ಅದೇ ಕೊಳವೆ ವಾರದ ದಿನಗಳಲ್ಲಿ ಮಲ್ಲಿಗೆ ಮಾರುವವರ ದೊಡ್ಡ ಕೊಡೆಗೂ ಮಳೆಗಾಲದ ಟಾರ್ಪಾಲಿಗೂ ಆಧಾರವಾಗುತ್ತದೆ. ಇದರ ಖರ್ಚು ಕಾರಂಜಿಯ ಒಂದು ಪಾಲೂ ಆಗುವುದಿಲ್ಲ. ಆದರೆ ಬಣ್ಣದ ಚಿತ್ರದಲ್ಲಿ ಕಾಣದ ಕಾರಣ ಯಾರೂ ಕೇಳುವುದಿಲ್ಲ, ನೀವು ಕೇಳಿ.

ಕಾಯಂ ವೇದಿಕೆಗೆ ನನ್ನ ಸ್ಪಷ್ಟ ವಿರೋಧವಿದೆ. ವರ್ಷದಲ್ಲಿ ಹತ್ತೋ ಇಪ್ಪತ್ತೋ ರಾತ್ರಿ ಬಳಕೆಯಾಗುವ ಕಾಂಕ್ರೀಟ್ ಕಟ್ಟಡ ಉಳಿದ ದಿನಗಳಲ್ಲಿ ಹಿಂಭಾಗದ ಅಂಗಡಿಗಳಿಗೆ ಗೋಡೆಯಾಗಿ ನಿಲ್ಲುತ್ತದೆ, ಮತ್ತು ಚೌಕದ ಅತಿ ಕತ್ತಲ ಮೂಲೆ ಅದರ ಹಿಂದೆಯೇ ಹುಟ್ಟುತ್ತದೆ. ಯಕ್ಷಗಾನಕ್ಕಂತೂ ಅದು ಒದಗುವುದೇ ಇಲ್ಲ. ಬಯಲಾಟದ ರಂಗಸ್ಥಳಕ್ಕೆ ಮೂರು ಬದಿಯಿಂದ ಪ್ರೇಕ್ಷಕರು ಬೇಕು, ಹತ್ತಿರದಲ್ಲೇ ಚೌಕಿಗೆ, ಅಂದರೆ ವೇಷ ಕಟ್ಟುವ ಬಣ್ಣದ ಮನೆಗೆ, ಮರೆಯಾದ ಜಾಗ ಬೇಕು, ಮೇಳದ ಲಾರಿ ಚೌಕಿಯ ಬಳಿ ಬಂದು ನಿಲ್ಲಬೇಕು, ಬೆಳಗಿನವರೆಗೆ ತಾಳಿಕೊಳ್ಳುವ ವಿದ್ಯುತ್ ಬೇಕು. ಇದಕ್ಕೆ ಬೇಕಾದದ್ದು ಎರಡು ಮೂಲೆಗಳಲ್ಲಿ ಬೀಗ ಹಾಕಿದ ಮೂರು ಫೇಸ್ ವಿದ್ಯುತ್ ಪೆಟ್ಟಿಗೆ, ಒಂದು ನೀರಿನ ನಲ್ಲಿ, ಹತ್ತಿರವೇ ಒಂದು ಸುಸ್ಥಿತಿಯ ಶೌಚಾಲಯ. ಪೆಟ್ಟಿಗೆ ನೆಲದಿಂದ ಮೇಲಿರಲಿ. ನೆಲದೊಳಗೆ ಮುಚ್ಚಳವಿಟ್ಟು ಮಾಡುವ ವಿದ್ಯುತ್ ಗುಂಡಿಗಳು ನಮ್ಮ ಜುಲೈಯಲ್ಲಿ ನೀರು ತುಂಬಿ ಅಪಾಯಕಾರಿಯಾಗುತ್ತವೆ.

ಮಳೆಯ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬೇರೆ ಊರಿನ ಚಿತ್ರ ತಂದು ಇಲ್ಲಿ ಕಟ್ಟುವವರು ಎಡವುವುದು ಇಲ್ಲಿಯೇ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. 2,000 ಚದರ ಮೀಟರ್ ಚೌಕದ ಮೇಲೆ ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಸುರಿದರೆ ಒಂದು ಲಕ್ಷ ಲೀಟರ್ ನೀರು ಆಗುತ್ತದೆ. ಸುತ್ತಲಿನ ಮಾಡುಗಳಿಂದ ಇಳಿಯುವುದು ಬೇರೆ. ಇಷ್ಟು ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ತೋರಿಸುವ, ನೆಲದ ಮಟ್ಟಗಳನ್ನು ಅಂಕಿಯಲ್ಲಿ ಬರೆದ ನಕ್ಷೆಯನ್ನು ಸಭೆಗೆ ತರಿಸಿ. ಅದು ಇಲ್ಲವೆಂದಾದರೆ ಉಳಿದ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸಬಹುದು. ಹೊಸ ನೆಲಹಾಸು ನಿಮ್ಮ ಅಂಗಡಿಯ ಹೊಸ್ತಿಲಿಗಿಂತ ಎಷ್ಟು ಕೆಳಗಿರುತ್ತದೆ ಎಂದು ಒಂದೊಂದು ಬಾಗಿಲಿಗೂ ಕೇಳಿ; ಹಳೆಯ ನೆಲದ ಮೇಲೆಯೇ ಹೊಸದನ್ನು ಹಾಸಿ ಅಂಗಡಿಗಳನ್ನು ತಗ್ಗಿಗೆ ತಳ್ಳಿದ ಉದಾಹರಣೆಗಳು ಸಾಕಷ್ಟಿವೆ. ಇಂಗುಗುಂಡಿ ಮಾಡುತ್ತೇವೆ ಎಂದರೆ ಎಲ್ಲಿ ಎಂದು ವಿಚಾರಿಸಿ. ಗುಡ್ಡದ ಮೇಲಿನ ಮುರಕಲ್ಲಿನ ನೆಲ ನೀರು ಕುಡಿಯುತ್ತದೆ, ಆದರೆ ಅದರಡಿಯ ಶೇಡಿ ಮಣ್ಣು ಕುಡಿಯುವುದಿಲ್ಲ. ಬಂದರಿನ ಕಡೆಯ ತಗ್ಗು ಪೇಟೆಯಲ್ಲಾದರೆ ಮಳೆಗಾಲದಲ್ಲಿ ಅಂತರ್ಜಲ ಮೇಲೆಯೇ ಇರುವುದರಿಂದ ಗುಂಡಿ ಮೊದಲ ವಾರವೇ ತುಂಬಿಬಿಡುತ್ತದೆ. ಅಲ್ಲಿ ತೆರೆದು ತೊಳೆಯಬಹುದಾದ ಚರಂಡಿಯೇ ದಾರಿ.

ಹೊಳೆಯುವ ಗ್ರಾನೈಟ್ ಬೇಡವೇ ಬೇಡ. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ಕರಾವಳಿಯ ಒಂದು ಪಟ್ಟಣದಲ್ಲಿ ನಾನೇ ಒಪ್ಪಿಗೆ ಕೊಟ್ಟ ನಯವಾದ ಕಲ್ಲಿನ ಮೇಲೆ, ಜೂನ್ ಮೂರನೆಯ ವಾರದಲ್ಲಿ, ಬುಟ್ಟಿ ಹೊತ್ತು ಬಂದ ಮೀನುಗಾರ ಹೆಂಗಸೊಬ್ಬರು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಬಂಗುಡೆಗಳು ಮಳೆನೀರಿನಲ್ಲಿ ಚರಂಡಿಯತ್ತ ಹರಿದುಹೋದದ್ದು, ಅವರು ನೋವಿಗಿಂತ ಹೆಚ್ಚಾಗಿ ಅವುಗಳನ್ನೇ ನೋಡುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಕಲ್ಲುಕುಟಿಗರನ್ನು ಕರೆಸಿ ಹಾಸಿದಲ್ಲಿಯೇ ಇಡೀ ನೆಲಕ್ಕೆ ಉಳಿಯ ಹೊಡೆತ ಕೊಡಿಸಬೇಕಾಯಿತು. ಅಂದಿನಿಂದ ಉಳಿ ಹೊಡೆದ ಅಥವಾ ಬೆಂಕಿಯಲ್ಲಿ ಒರಟು ಮಾಡಿದ ಕಲ್ಲಿನ ಹೊರತು ಬೇರೆಯದನ್ನು ನಾನು ತೆರೆದ ನೆಲಕ್ಕೆ ಬರೆದಿಲ್ಲ. ಒರಟು ಕಲ್ಲಿಗೂ ಪಾಚಿ ಹಿಡಿಯುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಉಜ್ಜಿಸುವ ಹಣ ನಿರ್ವಹಣೆಯ ಟೆಂಡರಿನಲ್ಲಿ ಇರಲೇಬೇಕು.

ನೆರಳಿಗಾಗಿ ಎತ್ತರದ ಬಟ್ಟೆಯ ಮಾಡು ತೋರಿಸಿದ್ದರೆ ಎಚ್ಚರ. ನಮ್ಮ ಮಳೆ ಪಡುವಣದಿಂದ ಓರೆಯಾಗಿ ಬರುತ್ತದೆ. ಐದು ಮೀಟರ್ ಎತ್ತರದ ಮಾಡಿನ ಕೆಳಗೆ ನಿಂತವರು ಸೊಂಟದವರೆಗೆ ಒದ್ದೆಯಾಗುತ್ತಾರೆ. ಮಾಡಿನ ಅಗಲ ಅದರ ಎತ್ತರಕ್ಕಿಂತ ಕಡಿಮೆಯಿರಬಾರದು ಎಂಬ ಅಂದಾಜು ನನಗೆ ಇದುವರೆಗೆ ಕೈಕೊಟ್ಟಿಲ್ಲ. ನಮ್ಮ ಹಳೆಯ ಹಂಚಿನ ಮನೆಗಳ ತಗ್ಗಾದ ಮಾಡು, ಆಳವಾದ ಜಗಲಿ ಈ ಮಳೆಗೆ ಒಗ್ಗಿದ ರೂಪ. ಅಂಗಡಿಗಳ ಮುಂದೆ ಅಂಥ ಒಂದು ಸಾಲು ಜಗಲಿಯಾದರೆ ವರ್ಷದ ಹನ್ನೆರಡು ತಿಂಗಳೂ ಜನ ಓಡಾಡುತ್ತಾರೆ. ಬೇಸಿಗೆಗೆ ಮರವೇ ಬೇಕು. ಉಪ್ಪುಗಾಳಿ ತಾಳುವ ಹೊನ್ನೆ, ದಟ್ಟ ನೆರಳಿನ ರೆಂಜೆ, ಹೊಂಗೆ ನೆಡಬಹುದು. ರೆಂಜೆ ನಿಧಾನ ಬೆಳೆಯುತ್ತದೆ, ಹೊನ್ನೆಯ ಕಾಯಿ ಕೆಳಗೆ ಬಿದ್ದು ಕಾಲಿಗೆ ಸಿಗುತ್ತದೆ. ಆದರೂ ಗಾಳಿಮಳೆಗೆ ಕೊಂಬೆ ಮುರಿಯುವ ಗುಲ್‌ಮೊಹರ್‌ಗಿಂತ ಇವು ವಾಸಿ.

ಬೆಂಚು, ದೀಪದ ಕಂಬ, ಕಸದ ಡಬ್ಬಿ, ಸೈಕಲ್ ಸ್ಟ್ಯಾಂಡ್ ಮೊದಲಾದವನ್ನು ನಮ್ಮ ವೃತ್ತಿಯಲ್ಲಿ ಒಟ್ಟಾಗಿ ಸ್ಟ್ರೀಟ್ ಫರ್ನಿಚರ್ ಎನ್ನುತ್ತೇವೆ. ಇವು ನಡೆಯುವವರ ದಾರಿಗೆ ಬರಬಾರದು. ಪಾದಚಾರಿ ಸೌಲಭ್ಯಗಳಿಗಾಗಿ ಭಾರತೀಯ ರಸ್ತೆ ಕಾಂಗ್ರೆಸ್ ಹೊರಡಿಸಿದ ಐಆರ್‌ಸಿ 103 ಮಾರ್ಗಸೂಚಿ ಹೇಳುವಂತೆ ಅಡೆತಡೆಯಿಲ್ಲದ ನಡೆದಾರಿ ಕನಿಷ್ಠ 1.8 ಮೀಟರ್ ಅಗಲವಿರಬೇಕು, ಪೇಟೆಯಲ್ಲಿ ಅದಕ್ಕೂ ಹೆಚ್ಚು. ಸಮುದ್ರದ ಗಾಳಿಗೆ ಸಾಮಾನ್ಯ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂಡ ಚಹಾ ಬಣ್ಣಕ್ಕೆ ತಿರುಗುತ್ತದೆ. 316 ದರ್ಜೆ ತಾಳುತ್ತದೆ, ಬೆಲೆ ಹೆಚ್ಚು. ನನ್ನ ಒಲವು ಕಲ್ಲಿನ ಕಡೆಗೆ: ಮುರಕಲ್ಲಿನ ಒಡಲು, ಕೂರುವ ಮೈಗೆ ಒರಟು ಕಗ್ಗಲ್ಲಿನ ಹಾಸು, ನೀರು ನಿಲ್ಲದಂತೆ ತುಸು ಓರೆ. ಆದರೆ ಪಡುವಣ ಬಿಸಿಲಿಗೆ ಬಿದ್ದ ಕಲ್ಲು ಸಂಜೆ ಆರರವರೆಗೂ ಕಾದಿರುತ್ತದೆ, ಹಾಗಾಗಿ ಆಸನ ಎಲ್ಲಿರಬೇಕೆಂಬುದನ್ನು ಏಪ್ರಿಲ್‌ನ ಒಂದು ಮಧ್ಯಾಹ್ನ ನಾಲ್ಕಕ್ಕೆ ಚೌಕದಲ್ಲಿ ನಿಂತು ನಿರ್ಧರಿಸಬೇಕು. ಕಾರು ತಡೆಯುವ ಗಿಡ್ಡ ಕಂಬಗಳ ನಡುವೆ 1.2 ಮೀಟರ್ ಬಿಟ್ಟರೆ ಗಾಲಿಕುರ್ಚಿ ಹೋಗುತ್ತದೆ, ಕಾರು ಹೋಗುವುದಿಲ್ಲ. ಸ್ಕೂಟರ್ ಮಾತ್ರ ಹೋಗುತ್ತದೆ. ಗಾಲಿಕುರ್ಚಿಯನ್ನು ಬಿಟ್ಟು ಸ್ಕೂಟರನ್ನು ತಡೆಯುವ ಕಂಬವನ್ನು ನಾನು ಇನ್ನೂ ಕಂಡಿಲ್ಲ, ಅದಕ್ಕೆ ಪೊಲೀಸರ ನೆರವೇ ಬೇಕು. ದೊಡ್ಡ ಹೂಕುಂಡಗಳು ಇಲ್ಲಿ ಸೊಳ್ಳೆಯ ತೊಟ್ಟಿಲುಗಳು. ಮಲೇರಿಯಾ ಕಾಟ ಉಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರಂಜಿಗೂ ಇದೇ ಮಾತು, ಜೊತೆಗೆ ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟೆಯಲ್ಲಿ ನೀರು ಇಳಿದು 2019ರಲ್ಲಿ ಮನೆಗಳಿಗೇ ಸರದಿಯಲ್ಲಿ ನೀರು ಬಿಟ್ಟ ಬೇಸಿಗೆ ನಿಮಗೂ ನೆನಪಿರಬೇಕು.

ಬೀದಿ ವ್ಯಾಪಾರಿಗಳನ್ನು ನಕ್ಷೆಯಿಂದ ಅಳಿಸಿದರೆ ಅದು ಕಾನೂನಿನ ಪ್ರಶ್ನೆಯೂ ಆಗುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಅದೇ ಕಾಯ್ದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಮೀನು ಮಾರುವವರಿಗೆ ಬೇಕಾದದ್ದು ಇಳಿಜಾರಾದ ಒಂದು ಕಲ್ಲುಹಾಸು, ನಲ್ಲಿ, ಜಾಲರಿಯಿರುವ ಚರಂಡಿ. ಅಷ್ಟು ಕೊಟ್ಟರೆ ವಾಸನೆಯ ದೂರು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ನಿಮ್ಮ ಸಭೆಗೆ ಅವರನ್ನೂ ಕರೆಯಿರಿ. ಚೌಕವನ್ನು ನಿಮಗಿಂತ ಹೆಚ್ಚು ಗಂಟೆ ಕುಳಿತು ನೋಡಿದವರು ಅವರು.

ಇನ್ನು ನಿಮ್ಮ ನೇರ ಪ್ರಶ್ನೆ. ಪೂರ್ತಿ ವಿರೋಧಿಸಿದರೆ ಯೋಜನೆ ನಿಲ್ಲಬಹುದು, ಆದರೆ ಚರಂಡಿ ಈಗಿರುವಂತೆಯೇ ಉಳಿಯುತ್ತದೆ, ಹಣ ಬೇರೆಡೆಗೆ ಹೋಗುತ್ತದೆ. ಇದ್ದ ಚಿತ್ರವನ್ನೇ ಒಪ್ಪಿದರೆ ಏನಾದೀತೆಂದು ಮೇಲೆ ಹೇಳಿದ್ದೇನೆ. ಚರಂಡಿ, ಕುಡಿಯುವ ನೀರು, ಒಳಚರಂಡಿ, ಕೇಬಲ್ಲುಗಳ ಕೆಲಸವನ್ನು ಮೊದಲು ಮುಗಿಸಿ, ಮೇಲಿನ ರೂಪವನ್ನು ಒಂದು ವರ್ಷ ತಾತ್ಕಾಲಿಕವಾಗಿ ಪರೀಕ್ಷಿಸುವುದು ನಾನು ಮೆಚ್ಚುವ ದಾರಿ. ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ 2009ರಲ್ಲಿ ವಾಹನ ತಡೆದಾಗ ಮೊದಲು ಹಾಕಿದ್ದು ಅಗ್ಗದ ಮಡಚುವ ಕುರ್ಚಿಗಳನ್ನು. ಕಲ್ಲಿನ ನೆಲ, ಕಾಯಂ ಬೆಂಚುಗಳು ವರ್ಷಗಳ ನಂತರ ಬಂದವು. ನಿಮ್ಮಲ್ಲಿ ಬಣ್ಣದ ಗೆರೆ, ಮರಳು ತುಂಬಿದ ಡ್ರಮ್ಮು, ಬಾಡಿಗೆಯ ಕುರ್ಚಿ, ಅಡಿಕೆ ಸೋಗೆಯ ಚಪ್ಪರ ಸಾಕು. ಈ ದಾರಿಗೂ ಅಪಾಯಗಳಿವೆ. ತಾತ್ಕಾಲಿಕವಾದದ್ದು ಬೇಗ ಕಳೆಗುಂದುತ್ತದೆ, ನೆರಳಿಲ್ಲದೆ ಏಪ್ರಿಲ್‌ನಲ್ಲಿ ಶುರುಮಾಡಿದರೆ ಯಾರೂ ಕೂರುವುದಿಲ್ಲ, ಒಂದು ಕೆಟ್ಟ ವಾರವನ್ನೇ ಹಿಡಿದು ರದ್ದು ಮಾಡಿಬಿಡುತ್ತಾರೆ. ಆದ್ದರಿಂದ ಪರೀಕ್ಷೆಯಲ್ಲಿ ಒಂದು ಇಡೀ ಮಳೆಗಾಲ, ಒಂದು ಮೊಸರು ಕುಡಿಕೆ, ಒಂದು ಯಕ್ಷಗಾನದ ರಾತ್ರಿ ಸೇರಿರಲೇಬೇಕೆಂದೂ, ಏನನ್ನು ಎಣಿಸಿ ತೀರ್ಮಾನಿಸುತ್ತೇವೆಂದೂ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಕಟ್ಟೆಯ ಮಾತನ್ನು ಕೊನೆಗೆ ಇಟ್ಟುಕೊಂಡೆ. ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣ ಎಂಬವರ ಕಟ್ಟೆಯೇ ಹಂಪನಕಟ್ಟೆಯಾಯಿತೆಂದು ಮಂಗಳೂರಿನ ಹಿರಿಯರು ಹೇಳುತ್ತಾರೆ. ನೆರಳು, ನೀರು, ಕೂರಲು ಕಲ್ಲು, ಎದುರಿಗೆ ಓಡಾಡುವ ಜನ: ನಾನು ಇಷ್ಟು ಹೊತ್ತು ಬರೆದದ್ದೆಲ್ಲ ಆ ಒಂದು ಕಟ್ಟೆಯಲ್ಲಿ ಇತ್ತು. ನಿಮ್ಮ ಅಶ್ವತ್ಥಕಟ್ಟೆಯನ್ನು ಉಳಿಸಿ, ಹೊಸ ನಕ್ಷೆಯನ್ನು ಅಲ್ಲಿಂದಲೇ ಆರಂಭಿಸಲು ಹೇಳಿ. ಬುಡದವರೆಗೆ ಸಿಮೆಂಟ್ ಬಳಿದಿದ್ದರೆ ಅದನ್ನು ಒಡೆಸಿ, ಸುತ್ತ ಕನಿಷ್ಠ ಒಂದೂವರೆ ಮೀಟರ್ ಮಣ್ಣು ತೆರೆದಿಡಿಸಿ. ಹತ್ತು ಅಡಿಯೊಳಗೆ ಯಂತ್ರದಿಂದ ಅಗೆಯದೆ ಕೈಗುದ್ದಲಿಯಿಂದಲೇ ಕೆಲಸವಾಗಲಿ, ಬೇರು ಕಂಡಲ್ಲಿ ಕೊಳವೆಯ ದಾರಿ ಬದಲಾಗಲಿ. ಹಳೆಯ ಕಟ್ಟೆಗಳು ಸೊಂಟದೆತ್ತರ ಇರುವುದುಂಟು. ಹಾಗಿದ್ದರೆ ಹೊರಗೆ ಸುತ್ತಲೂ 45 ಸೆಂಟಿಮೀಟರ್ ಎತ್ತರದ ಇನ್ನೊಂದು ಮೆಟ್ಟಿಲು ಕಟ್ಟಿಸಿ. ಮಲ್ಲಿಗೆಯ ಬುಟ್ಟಿ ಮೇಲಿನ ಕಟ್ಟೆಯಲ್ಲಿರುತ್ತದೆ, ಮಾರುವವರು ಕೆಳಗಿನದರಲ್ಲಿ ಕಾಲು ನೆಲಕ್ಕೆ ಊರಿ ಕೂರುತ್ತಾರೆ.